ಮಾಲಾಡ್ ಖಾಡಿಗೆ ತಕ್ಕ ಮೋಟರ್

ಖಾಲಿ ಬಾಟಲಿಯಲ್ಲಿ ಪೆಟ್ರೋಲು ಸಿಕ್ಕಿತ್ತು. ನಮ್ಮ ತಾಪತ್ರಯ ಶುರುವಾದದ್ದು ಅಲ್ಲಿಂದ.

ಖಾಲಿ ಬಾಟಲಿ ಎಂದು ನಾವು ಕರೆಯುವುದು ನಿಜಕ್ಕೂ ಖಾಲಿಯಲ್ಲ. ನೀರಿನ ಮಾದರಿ ತರಲು ಹೊರಟಾಗ ಲ್ಯಾಬಿನಿಂದ ಒಂದು ಬಾಟಲಿ ಶುದ್ಧ ನೀರನ್ನೂ ಜೊತೆಗೆ ಒಯ್ಯುತ್ತೇವೆ. ಮಾದರಿ ತುಂಬುವ ಜಾಗದಲ್ಲೇ ಅದನ್ನು ತೆರೆದು, ಇನ್ನೊಂದು ಗಾಜಿನ ಬಾಟಲಿಗೆ ಸುರಿದು, ಮುಚ್ಚಿ ವಾಪಸು ತರುತ್ತೇವೆ. ಪರೀಕ್ಷೆಯಲ್ಲಿ ಅದರೊಳಗೆ ಏನೂ ಕಾಣಬಾರದು. ಕಂಡರೆ, ಅದು ಹೊಳೆಯದ್ದೂ ಅಲ್ಲ ಸಮುದ್ರದ್ದೂ ಅಲ್ಲ, ನಮ್ಮ ಕೈಯಿಂದಲೋ ನಮ್ಮ ದೋಣಿಯಿಂದಲೋ ಸೇರಿದ ಹೊಲಸು. ಆಮೇಲೆ ಉಳಿದ ಬಾಟಲಿಗಳಲ್ಲಿ ಏನೇ ಸಿಕ್ಕರೂ ಅದಕ್ಕೆ ಬೆಲೆಯಿಲ್ಲ.

ಮಾಲಾಡ್ ಖಾಡಿ ಎಂಬ ಸಮುದ್ರದ ಕವಲಿನಿಂದ ನಾನು ತಂದ ಐದು ಬಾಟಲಿಗಳಲ್ಲೂ ಎಣ್ಣೆ ಇತ್ತು. ಆರನೆಯದಾದ ಆ ಖಾಲಿ ಬಾಟಲಿಯಲ್ಲೂ ಇತ್ತು. ನಾವು ಹೋಗಿದ್ದು ಪೆಟ್ರೋಲ್ ಎಂಜಿನ್ ದೋಣಿಯಲ್ಲಿ. ಹೊಗೆ, ಎಂಜಿನ್ನಿನ ಹಿಂದೆ ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡುವ ಪೊರೆ, ಟ್ಯಾಂಕಿನ ಮುಚ್ಚಳ ತೆಗೆದ ಕೈ, ಎಲ್ಲವೂ ಸೇರಿ ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡಿದ್ದವು.

ನಮ್ಮ ಲ್ಯಾಬು ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿದೆ. ನಡೆಸುವವರು ಮಾಟುಂಗದಿಂದ ದಿನಾ ಲೋಕಲ್ ಹಿಡಿದು ಬರುವ ಮೇಡಂ. ಮಂಗಳೂರು ಕಡೆಯವರು, ರಸಾಯನಶಾಸ್ತ್ರದಲ್ಲಿ ಪಳಗಿದವರು, ಸಹಿ ಹಾಕುವ ಮುನ್ನ ಪ್ರತಿ ಅಂಕಿಯನ್ನೂ ಬೆರಳಿಟ್ಟು ಓದುವವರು. ಹೊರಗೆ ಹೋಗಿ ಮಾದರಿ ತರುವ ಕೆಲಸ ನನ್ನದು. ಆ ದಿನ ಅವರು ಸಹಿ ಹಾಕಲಿಲ್ಲ.

"ಸಮಿತಿಯವರು ಮೊದಲು ನೋಡುದೇ ಈ ಖಾಲಿ ಬಾಟಲಿ. ಇದನ್ನು ಕಂಡ್ರೆ ಉಳಿದದ್ದನ್ನು ಬಿಸಾಡ್ತಾರೆ. ಎಂಜಿನ್ ಇಲ್ಲದ ದೋಣಿಯಲ್ಲಿ ಹೋಗಿ" ಎಂದರು.

ಸಮಿತಿ ಎಂದರೆ ಖಾಡಿಯ ನೀರಿನ ಬಗ್ಗೆ ದೂರು ಕೇಳುತ್ತಿದ್ದ ಸರಕಾರಿ ಸಮಿತಿ. ದೂರು ಕೊಟ್ಟವರು ದಡದ ಕೋಳಿವಾಡದವರು. ನಮ್ಮ ಭಾಷೆಯ ಕೋಳಿಗೂ ಇದಕ್ಕೂ ಸಂಬಂಧವಿಲ್ಲ, ಇಲ್ಲಿ ಕೋಳಿ ಎಂದರೆ ಮೀನುಗಾರರು. ಸಮುದ್ರದ ನೀರು ಊರೊಳಗೆ ಚಾಚಿಕೊಂಡ ಆ ಕವಲಿನಲ್ಲಿ ಅವರು ಹಿಡಿಯುವ ಮೀನು, ಏಡಿ, ಚಿಪ್ಪಿಗೆಲ್ಲ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಊರಿನ ಕೊಳೆನೀರು ತರುವ ಮೇಲಿನ ಯಾವುದೋ ನಾಲೆಯಿಂದ ಎಣ್ಣೆ ಇಳಿದು ಬರುತ್ತಿದೆ ಎಂಬುದು ಅವರ ಅನುಮಾನ. ಮಳೆಗಾಲಕ್ಕೆ ಮುಂಚೆ ಕ್ರಮಬದ್ಧವಾಗಿ ತೆಗೆದ ಮಾದರಿ ತಂದರೆ ಪರಿಗಣಿಸುತ್ತೇವೆ ಎಂದು ಸಮಿತಿ ಹೇಳಿತ್ತು. ಕ್ರಮ ಏನೆಂದರೆ, ಒಂದೇ ಇಳಿತದಲ್ಲಿ, ಅಂದರೆ ಉಬ್ಬರದ ನೀರು ಒಮ್ಮೆ ಸಮುದ್ರಕ್ಕೆ ಹಿಂದಿರುಗುವಷ್ಟರಲ್ಲಿ, ಗುರುತು ಮಾಡಿದ ಐದೂ ಜಾಗಗಳಲ್ಲಿ ನೀರು ತುಂಬಬೇಕು.

ನಾವು ಹೋಗಿದ್ದ ದೋಣಿಯ ಒಡತಿಯನ್ನು ನಾನು ಮಾವಶಿ ಎನ್ನುತ್ತಿದ್ದೆ. ಮರಾಠಿಯಲ್ಲಿ ಚಿಕ್ಕಮ್ಮ. ಗಂಡ ಇಲ್ಲದ, ಐವತ್ತು ದಾಟಿದ ಹೆಂಗಸು. ತಾನೇ ಬಲೆ ಬಿಟ್ಟು, ತಾನೇ ಬುಟ್ಟಿ ಹೊತ್ತು, ಕಾಂದಿವಲಿಯ ಕಾಲೊನಿಗಳಲ್ಲಿ ಮೀನು ಮಾರುತ್ತಿದ್ದಳು. ದೂರಿಗೆ ಮೊದಲು ಹೆಬ್ಬೆರಳೊತ್ತಿದವಳೂ ಅವಳೇ. ನಾನು ಧಾರವಾಡದ ಕಡೆಯವನಾದ್ದರಿಂದ ಮರಾಠಿ ತಿಳಿಯುತ್ತದೆ. ಈಜು ಬರುವುದಿಲ್ಲ. ಮೀನು ತಿನ್ನುವುದಿಲ್ಲ.

ಅವಳ ದೋಣಿಯ ಎಂಜಿನ್ ತೆಗೆದಿಟ್ಟು, ಮೊದಲು ಹುಟ್ಟು ಹಾಕಿ ನೋಡಿದೆವು. ಕೋಳಿವಾಡದ ಇಬ್ಬರು ಗಂಡಸರು ಬೆವರು ಸುರಿಸಿದರು. ಈಗ ಎಲ್ಲರ ದೋಣಿಗೂ ಎಂಜಿನ್ ಬಂದು ಹುಟ್ಟು ಹಾಕುವ ರೂಢಿಯೇ ತಪ್ಪಿದೆ. ಮೂರನೇ ಜಾಗ ಮುಟ್ಟುವಷ್ಟರಲ್ಲಿ ಇಳಿತ ಮುಗಿದು ನೀರು ಮತ್ತೆ ಏರತೊಡಗಿತು. ಆಗ ಮೇಡಂ ಬ್ಯಾಟರಿಯಿಂದ ನಡೆಯುವ ಸಣ್ಣ ಮೋಟರಿನ ಮಾತೆತ್ತಿದರು. ಕೆರೆಗಳಲ್ಲಿ ಗಾಳ ಹಾಕುವ ಹವ್ಯಾಸದವರು ದೋಣಿಯ ಹಿಂಬದಿಗೆ ಸಿಕ್ಕಿಸಿಕೊಳ್ಳುವಂಥದ್ದು. ಉದ್ದ ಕೋಲು, ಕೋಲಿನ ತುದಿಯಲ್ಲಿ ನೀರೊಳಗೆ ಮುಳುಗುವ ಮೋಟರು, ಅದಕ್ಕೊಂದು ಪಂಖ, ಮೇಲೆ ತಿರುಗಿಸುವ ಹಿಡಿ. ಹೊಗೆಯಿಲ್ಲ, ಎಣ್ಣೆಯಿಲ್ಲ. ಆರಿಸಿ ತರುವುದು ನನ್ನ ಪಾಲಿಗೆ ಬಂತು.

ಬಾಂದ್ರಾದಲ್ಲಿ ಅಂಥ ಸಾಮಾನು ಮಾರುವ ಒಂದು ಅಂಗಡಿಯಿದೆ. ಅಲ್ಲಿನ ಹುಡುಗ ನನ್ನ ಹಿಂದಿ ಕೇಳಿದವನೇ ಕನ್ನಡಕ್ಕೆ ತಿರುಗಿದ. ಮಾಟುಂಗದಲ್ಲೇ ಹುಟ್ಟಿ ಬೆಳೆದ ಕನ್ನಡದವನಂತೆ. ಪದಗಳನ್ನು ಹುಡುಕಿ ಹುಡುಕಿ ಜೋಡಿಸುತ್ತಿದ್ದ. ಈ ಮೋಟರುಗಳ ಶಕ್ತಿಯನ್ನು ಕುದುರೆಗಳಲ್ಲಿ ಅಳೆಯುವುದಿಲ್ಲ, ತಳ್ಳುವ ಬಲವನ್ನು ಪೌಂಡಿನಲ್ಲಿ ಹೇಳುತ್ತಾರೆ ಎಂದು ತಿಳಿಸಿದ. ದೋಣಿಯ ತೂಕ, ಅದರಲ್ಲಿ ಕೂರುವವರ ತೂಕ, ಸಾಮಾನಿನ ತೂಕ ಎಲ್ಲ ಕೂಡಿಸಿ, ಪ್ರತಿ ನೂರು ಪೌಂಡಿಗೆ ಎರಡು ಪೌಂಡಿನಷ್ಟು ಬಲ ಇರಬೇಕು ಎಂಬುದು ಲೆಕ್ಕ. ನಮ್ಮ ಫೈಬರ್ ದೋಣಿಗೆ ಮೂವತ್ತರ ಒಳಗೇ ಸಾಕಾಗುತ್ತಿತ್ತು. ಇರಲಿ ಎಂದು ನಲವತ್ತು ಪೌಂಡಿನದನ್ನು ಆರಿಸಿದೆ. ಕಾರಿನ ಬ್ಯಾಟರಿ ಬೇಡ, ನಿಧಾನವಾಗಿ ಪೂರ್ತಿ ಇಳಿದು ಮತ್ತೆ ತುಂಬಿಕೊಳ್ಳುವ ಬೇರೆ ಜಾತಿಯ ಬ್ಯಾಟರಿ ಬೇಕು ಎಂದ. ಅದನ್ನೂ ಕೊಂಡೆ.

ಉಬ್ಬರ ತುಂಬಿ ನೀರು ನಿಂತಿದ್ದ ಹೊತ್ತಿನಲ್ಲಿ ಮೊದಲ ಪರೀಕ್ಷೆ. ಮಾವಶಿ ಹಿಡಿ ತಿರುಗಿಸಿದಳು. ದೋಣಿ ಸದ್ದೇ ಇಲ್ಲದೆ ದಡ ಬಿಟ್ಟಿತು. ಕಾಂಡ್ಲದ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಗಿಡದ, ಬೇರುಗಳ ನಡುವೆ ಏಡಿ ಓಡುವ ಚಟಪಟ ಕೂಡ ಕೇಳಿಸಿತು. ಅವಳು ಹಿಂದೆ ತಿರುಗಿ ಪಂಖ ನಿಜಕ್ಕೂ ತಿರುಗುತ್ತಿದೆಯೇ ಎಂದು ಎರಡೆರಡು ಸಲ ಬಗ್ಗಿ ನೋಡಿದಳು. ಕೆಲಸ ಆಯಿತು ಎಂದುಕೊಂಡೆ.

ಮೊದಲ ಜಾಗದಲ್ಲಿ ಬಾಟಲಿ ಹಿಡಿದು ನಾನು ಮುಂಭಾಗಕ್ಕೆ ಹೋದೆ. ನನ್ನ ಭಾರಕ್ಕೆ ಮೂತಿ ತಗ್ಗಿ ಹಿಂಭಾಗ ಮೇಲೆದ್ದಿತು. ಕೋಲು ಗಿಡ್ಡದು. ಪಂಖ ಅರ್ಧ ನೀರಿನಾಚೆ ಬಂದು ಗಾಳಿಯನ್ನೇ ಕಡೆಯತೊಡಗಿತು. ನಾನು ಹಿಂದೆ ಬಂದರೆ ದೋಣಿ ಚಲಿಸುತ್ತದೆ, ಮುಂದೆ ಹೋದರೆ ತೇಲಿ ಹೋಗುತ್ತದೆ. ಆದರೆ ನೀರು ತುಂಬಬೇಕಾದದ್ದು ಮುಂದಿನಿಂದಲೇ. ಮೋಟರು ಕಲಕಿದ ನೀರು ಲೆಕ್ಕಕ್ಕೆ ಬರುವುದಿಲ್ಲ.

ಹಾಗೂ ಹೀಗೂ ಮಾಡುವಷ್ಟರಲ್ಲಿ ಇಳಿತ ಬಲವಾಯಿತು. ಅಮಾವಾಸ್ಯೆಯ ಸುತ್ತಿನ ದಿನ, ನೀರು ಎಲ್ಲಕ್ಕಿಂತ ಜೋರಾಗಿ ಹೋಗುವ ಕಾಲ. ಎರಡನೇ ಜಾಗ ನಮ್ಮ ಮೇಲ್ಗಡೆ, ಇಳಿತಕ್ಕೆ ಎದುರಾಗಿತ್ತು. ಮಾವಶಿ ಹಿಡಿಯನ್ನು ಕೊನೆಯವರೆಗೆ ತಿರುಗಿಸಿದಳು. ನೀರು ದೋಣಿಯ ಮೂತಿಗೆ ಬಡಿದು ಎರಡೂ ಕಡೆ ಸೀಳಿ ಹೋಗುತ್ತಿತ್ತು. ನೋಡಿದರೆ ಭರದಿಂದ ಹೋಗುತ್ತಿದ್ದೇವೆ ಅನ್ನಿಸುತ್ತಿತ್ತು. ಬಲಕ್ಕೆ ದಡದಲ್ಲಿ ಒಂದು ಕಾಂಡ್ಲದ ಗಿಡವಿತ್ತು, ಅದರ ಕೊಂಬೆಗೆ ನೀಲಿ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತು. ನಾನು ಬಾಟಲಿಗೆ ಚೀಟಿ ಅಂಟಿಸಿ ತಲೆ ಎತ್ತಿದೆ, ಗಿಡ ಅಲ್ಲೇ ಇತ್ತು. ಕೈಗವಸು ಬದಲಿಸಿದೆ, ಆಗಲೂ ಅಲ್ಲೇ ಇತ್ತು. ಮಾವಶಿಯೂ ಅದನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗಿಡ ಮೆಲ್ಲಗೆ ನಮ್ಮ ಮುಂದಕ್ಕೆ ಸರಿಯತೊಡಗಿತು. ಬ್ಯಾಟರಿ ಇಳಿಯುತ್ತಿತ್ತು, ನಾವು ಹಿಂದೆ ಹಿಂದೆ ಹೋಗುತ್ತಿದ್ದೆವು.

ಅಕ್ಕಪಕ್ಕದ ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಅವರ ಎಂಜಿನ್ನಿನ ಹೊಗೆ ನಮ್ಮ ಬಾಟಲಿಗಳ ಮೇಲೆಲ್ಲ ಹಾಯ್ದುಹೋಯಿತು.

ವಾರ ಕಳೆಯುವಷ್ಟರಲ್ಲಿ ಮೋಟರಿನ ಬೋಲ್ಟುಗಳ ಸುತ್ತ ಬಿಳಿ ಹುಡಿ ಕಟ್ಟಿತ್ತು. ಫೋಟೋ ತೆಗೆದು ಅಂಗಡಿಯ ಹುಡುಗನಿಗೆ ಕಳಿಸಿದೆ. ಅದು ಸಿಹಿನೀರಿನ ಮಾದರಿ, ಉಪ್ಪುನೀರಿಗೆ ಬೇರೆಯೇ ಬರುತ್ತದೆ, ಗಾಳ ಹಾಕುವವರ ಮೋಟರು ಎಂದಾಗ ತಾನು ಕೆರೆಗೆ ಎಂದುಕೊಂಡೆ ಎಂದ. ಬೇಜಾರು ಮಾಡಿಕೊಂಡು ತಾನೇ ವಾಪಸು ತೆಗೆದುಕೊಂಡ.

ಎರಡನೇ ಸಲ ನಾನು ಹೆಚ್ಚು ಯೋಚಿಸಲಿಲ್ಲ. ಬಲ ಸಾಲದೆ ಸೋತಿದ್ದೇವೆ, ಬಲ ಹೆಚ್ಚಿಸಬೇಕು. ಎಂಬತ್ತು ಪೌಂಡು, ಉಪ್ಪುನೀರಿಗೆ ತಾಳುವ ಲೇಪ, ಉದ್ದನೆಯ ಕೋಲು. ಅದಕ್ಕೆ ಇಪ್ಪತ್ನಾಲ್ಕು ವೋಲ್ಟು ಬೇಕು, ಹಾಗಾಗಿ ಎರಡು ಬ್ಯಾಟರಿ. ಒಂದೊಂದನ್ನೂ ಇಬ್ಬರು ಹಿಡಿದು ಕೆಸರು ದಾಟಿಸಿ ದೋಣಿಗೆ ಏರಿಸಬೇಕಿತ್ತು. ಆಗಲೇ ಏಪ್ರಿಲ್ ಮುಗಿಯುತ್ತ ಬಂದಿತ್ತು. ಮೇಡಂ ದಿನಾ ಬೆಳಿಗ್ಗೆ ಬ್ಯಾಗು ಇಡುವ ಮುಂಚೆಯೇ ಕೇಳುತ್ತಿದ್ದರು.

"ಒಂದು ಮಳೆ ಬಂದ್ರೆ ಎಲ್ಲ ತೊಳ್ಕೊಂಡು ಹೋಗ್ತದೆ. ಮತ್ತೆ ನೀವು ಎಂತ ತರ್ತೀರಿ, ಮಳೆನೀರಾ?"

"ಈ ಸರ್ತಿ ಆಗ್ತದ್ರೀ ಮೇಡಂ. ಮೊದಲಿಂದಕ್ಕಿಂತ ಎರಡು ಪಟ್ಟು ಅದ ಇದು" ಎಂದೆ.

ನಿಂತ ನೀರಿನಲ್ಲಿ ಮೊಬೈಲಿನಿಂದ ವೇಗ ಅಳೆದೆ. ಹಳೆಯದು ಗಂಟೆಗೆ ನಾಲ್ಕೂವರೆ ಕಿಲೋಮೀಟರು ಹೋಗಿತ್ತು. ಇದು ಐದಕ್ಕಿಂತ ತುಸು ಹೆಚ್ಚು. ಎರಡು ಪಟ್ಟು ಬಲಕ್ಕೆ ಎರಡು ಪಟ್ಟು ವೇಗ ಯಾಕಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ಬ್ಯಾಟರಿಯ ಭಾರಕ್ಕೆ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಗಾಳಿಗೆ ದೋಣಿ ಅಲುಗದೆ ನಿಲ್ಲುತ್ತಿತ್ತು. ನಾನು ಮುಂದೆ ಬಗ್ಗಿದರೂ ಪಂಖ ನೀರಲ್ಲೇ ಇರುತ್ತಿತ್ತು. ಅಷ್ಟು ಸಾಕೆಂದು ಹೊರಟೆವು.

ಹುಣ್ಣಿಮೆಯ ಮರುದಿನ, ಮಧ್ಯಾಹ್ನದ ಇಳಿತ. ನಾಲ್ಕು ಜಾಗ ಕೆಳಗಿನಿಂದ ಮೇಲಕ್ಕೆ ಮುಗಿಸಿದೆವು. ನೀರು ಹೆಚ್ಚು ಜೋರಾಗುವ ಮುನ್ನವೇ ಮುಗಿಸಿದ್ದರಿಂದ ನನಗೆ ಹುರುಪು ಬಂದಿತ್ತು. ಉಳಿದದ್ದು ನಾಲೆ ಬಂದು ಸೇರುವ ತಿರುವಿನ ಜಾಗ, ಎಲ್ಲಕ್ಕಿಂತ ಮುಖ್ಯವಾದದ್ದು. ಅಲ್ಲಿ ಖಾಡಿ ಕಿರಿದಾಗುತ್ತದೆ, ನೀರು ಒತ್ತಿ ಹರಿಯುತ್ತದೆ. ಎಡದ ದಡಕ್ಕೆ ಅಂಟಿಕೊಂಡು ಹೋದರೆ ಸೆಳೆತ ಕಡಿಮೆ ಎಂದು ಮಾವಶಿ ಆ ಕಡೆ ತಿರುಗಿಸಿದಳು. ಮೋಟರು ಒಮ್ಮೆ ನರಳಿದಂತೆ ಸದ್ದು ಮಾಡಿ ನಿಂತಿತು. ಫ್ಯೂಸಿನ ಗುಂಡಿ ಹಾರಿತ್ತು. ಒತ್ತಿದೆ, ಮತ್ತೆ ಹಾರಿತು. ಕೋಲನ್ನು ಎತ್ತಿ ನೋಡಿದರೆ ಪಂಖಕ್ಕೆ ಹರಕು ನೈಲಾನ್ ಬಲೆ ಸುತ್ತಿಕೊಂಡು ಜಡೆ ಹೆಣೆದಂತಾಗಿತ್ತು.

ಚಾಕು ತೆಗೆಯುವಷ್ಟರಲ್ಲಿ ದೋಣಿ ಅಡ್ಡ ತಿರುಗಿ ಹೊರಟುಬಿಟ್ಟಿತ್ತು. ಮುಟ್ಟಲು ಅಷ್ಟು ಹೆಣಗಿದ್ದ ಜಾಗಗಳೆಲ್ಲ ಒಂದೊಂದಾಗಿ ಪಕ್ಕದಲ್ಲಿ ಹಾದುಹೋದವು. ನಾನು ದೋಣಿಯ ಅಂಚು ಹಿಡಿದು ಕೂತಿದ್ದೆ, ಬೇರೆ ಏನು ಮಾಡಲೂ ಕೈ ಏಳಲಿಲ್ಲ. ಮಾವಶಿ ಲಂಗರು ಎಸೆದಳು. ಅದು ಕೆಸರನ್ನು ಉಳುತ್ತ ಬಂದು ಕಡೆಗೆ ಎಲ್ಲೋ ಕಚ್ಚಿತು. ದೋಣಿ ಅರ್ಧ ಸುತ್ತು ತಿರುಗಿ ಒಂದು ಕೆಸರುದಿಣ್ಣೆಯ ಮೇಲೆ ಕೂತಿತು. ನೀರು ನಮ್ಮ ಸುತ್ತಲಿಂದ ಇಳಿಯುತ್ತ ಹೋಯಿತು. ಬಲೆಯನ್ನು ಕತ್ತರಿಸಿ ತೆಗೆಯುವಷ್ಟರಲ್ಲಿ ಪಂಖ ಮುಳುಗುವಷ್ಟು ನೀರೇ ಇರಲಿಲ್ಲ.

ಮತ್ತೆ ನೀರು ಏರಿ ಬಂದು ಎತ್ತುವವರೆಗೆ ನಾವು ಅಲ್ಲಿಂದ ಕದಲುವಂತಿರಲಿಲ್ಲ. ಸುತ್ತಲೂ ಕೆಸರು. ಅದರಾಚೆ ಕಾಂಡ್ಲದ ಕಾಡು, ಕಾಡಿನಾಚೆ ನಲವತ್ತು ಮಹಡಿಯ ಬಿಲ್ಡಿಂಗುಗಳು. ಒಂದು ಬಾಲ್ಕನಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಕೂಗಿದರೆ ಕೇಳಬಹುದೇನೋ ಅನ್ನಿಸುವಷ್ಟು ಹತ್ತಿರ. ಕೂಗಿದರೂ ಅವರು ಮಾಡುವುದೇನು? ಮೇಡಂಗೆ ಫೋನು ಮಾಡಿ ತಿಳಿಸಿದೆ. ಅವರು, ತಲೆಗೆ ಬಟ್ಟೆ ಹಾಕಿಕೊಳ್ಳಿ, ಐಸ್ ಪೆಟ್ಟಿಗೆಯನ್ನು ನೆರಳಲ್ಲಿಡಿ ಎಂದರು. ನೆರಳು ಎಲ್ಲೂ ಇರಲಿಲ್ಲ.

ಆ ಹೊತ್ತಿನಲ್ಲಿ ಅದು ಕಂಡಿತು. ದಿಣ್ಣೆಯ ಪಕ್ಕ ಉಳಿದಿದ್ದ ಸಣ್ಣ ಕಾಲುವೆಯಲ್ಲಿ, ನಾಲೆಯ ಕಡೆಯಿಂದ ಇಳಿದು ಬರುತ್ತಿದ್ದ ತೆಳುನೀರಿನ ಮೇಲೆ ಎಣ್ಣೆಯ ಪೊರೆ. ನೇರಳೆ, ಹಸಿರು, ತಾಮ್ರದ ಬಣ್ಣ. ಒಂದು ತುಣುಕು ಹೋಗಿ ಇನ್ನೊಂದು ಬರುತ್ತಿತ್ತು. ಯಾವ ಎಂಜಿನ್ನೂ ಸುತ್ತ ಇರಲಿಲ್ಲ. ನನ್ನ ಹತ್ತಿರ ತೊಳೆದು ಸಿದ್ಧ ಮಾಡಿದ ಬಾಟಲಿಯಿತ್ತು. ಹತ್ತು ಹೆಜ್ಜೆಯ ದೂರವೂ ಇರಲಿಲ್ಲ. ನಾನು ಅಂಚಿನಿಂದ ಕಾಲು ಇಳಿಸಿದೆ. ತೊಡೆಯವರೆಗೆ ಹೂತಿತು, ಇನ್ನೂ ಇಳಿಯುತ್ತಿತ್ತು. ಮಾವಶಿ ಅಂಗಿಯ ಕೊರಳು ಹಿಡಿದು ಎಳೆದುಕೊಂಡಳು. ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಆಮೇಲೆ ಇಬ್ಬರೂ ಕೂತು ಆ ಬಣ್ಣದ ನೀರು ಹೋಗುವುದನ್ನು ನೋಡಿದೆವು.

ನಿಮ್ಮೂರಲ್ಲಿ ಸಮುದ್ರ ಇಲ್ಲವಾ ಎಂದು ಕೇಳಿದಳು. ಕೆರೆ ಇದೆ, ಅದಕ್ಕೆ ದಿಕ್ಕಿಲ್ಲ, ನೀರು ಇದ್ದಲ್ಲೇ ಇರುತ್ತದೆ ಎಂದೆ. ಅವಳು ತನ್ನ ವ್ಯಾಪಾರದ ಮಾತು ತೆಗೆದಳು. ಹಿಡಿದ ಮೀನನ್ನು ಹುಣಸೆ ಹಚ್ಚಿ ತೊಳೆದಳಂತೆ, ಅರಿಸಿನ ಹಚ್ಚಿ ತೊಳೆದಳಂತೆ. ಬಾಣಲೆಗೆ ಬಿದ್ದ ಕೂಡಲೇ ವಾಸನೆ ಏಳುತ್ತದೆ. ಕಾಲೊನಿಯಲ್ಲಿ ಒಬ್ಬಾಕೆ ಮದುವೆಯಾಗಿ ಬಂದಾಗಿನಿಂದ ಇವಳ ಹತ್ತಿರವೇ ಕೊಳ್ಳುತ್ತಿದ್ದಳು. ಈಗ ಇವಳ ಬುಟ್ಟಿ ದಾಟಿ ಮುಂದಿನ ಬುಟ್ಟಿಗೆ ಹೋಗುತ್ತಾಳೆ.

"ಬೈದರೆ ಉತ್ತರ ಕೊಡಬಹುದು ಭಾವು. ಮುಖ ನೋಡದೆ ಹೋದರೆ ಏನು ಹೇಳೋದು?" ಎಂದಳು. ಭಾವು ಎಂದರೆ ಅಣ್ಣ. ಅವಳ ಉಳಿದ ಮರಾಠಿಯನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿದ್ದ ಒರಟುತನ ಇಲ್ಲಿ ಬಂದಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮೋಟರು ದೊಡ್ಡದಾದರೆ ಆಗುತ್ತದೆ ಅಂದಿದ್ದಿರಿ" ಎಂದಳು.

ನೀರು ಬಂದು ದೋಣಿಯನ್ನು ಎತ್ತಿದಾಗ ರಾತ್ರಿಯಾಗಿತ್ತು. ಐಸ್ ಕರಗಿ ನೀರಾಗಿತ್ತು, ಬಾಟಲಿಗಳು ಬೆಚ್ಚಗಿದ್ದವು. ನಾಲ್ಕು ಜಾಗದ ಮಾದರಿಯನ್ನೂ ಮೇಡಂ ತೆರೆಯದೆ ಬದಿಗಿಟ್ಟರು.

ಆ ಬಿಸಿಲಿನಲ್ಲಿ ಕೂತಾಗಿನಿಂದ ಒಂದು ವಿಷಯ ನನ್ನನ್ನು ಬಿಟ್ಟಿರಲಿಲ್ಲ. ಮೋಟರು ಕೆಟ್ಟು ನಾವು ತೇಲಿ ಹೋದಾಗ ಎಲ್ಲ ಜಾಗಗಳೂ ತಾವಾಗಿಯೇ ನಮ್ಮ ಪಕ್ಕಕ್ಕೆ ಬಂದಿದ್ದವು. ಮರುದಿನ ಬಾಂದ್ರಾಕ್ಕೆ ಹೋಗಿ ಅಂಗಡಿಯ ಹುಡುಗನ ಮುಂದೆ ಎರಡೂ ವೇಗದ ಅಂಕಿ ಇಟ್ಟು, ಯಾಕೆ ಹೀಗೆ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಕಂಪನಿಯ ಎಂಜಿನಿಯರಿಗೆ ಫೋನು ಹಚ್ಚಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿ ನನ್ನ ಕಡೆ ತಿರುಗಿದ.

"ಸರ್, ಪಂಖದ ಎಲೆಯ ತಿರುವು ಎಲ್ಲಾದ್ರಲ್ಲೂ ಆಲ್ಮೋಸ್ಟ್ ಸೇಮ್, ಒಂದು ಸುತ್ತಿಗೆ ಅಷ್ಟೇ ದೂರ ತಳ್ತದೆ. ಪೌಂಡ್ ಜಾಸ್ತಿ ಆದ್ರೆ ಭಾರೀ ಬೋಟ್ ತಳ್ತದೆ, ಸ್ಪೀಡ್ ಜಾಸ್ತಿ ಆಗಲ್ಲ. ಇದು ಬೋಟ್ ಓಡ್ಸಕ್ಕೆ ಅಲ್ಲವಂತೆ ಸರ್. ನಿಲ್ಲಿಸಕ್ಕೆ."

ಅಂದರೆ ನೂರು ಪೌಂಡಿನದನ್ನು ತಂದರೂ ಆ ಗಿಡ ಅಲ್ಲೇ ಇರುತ್ತಿತ್ತು. ದೊಡ್ಡ ಇಳಿತದ ದಿನ ಖಾಡಿಯ ನೀರೇ ಗಂಟೆಗೆ ಐದು ಕಿಲೋಮೀಟರು ಹೋಗುತ್ತದೆ. ನಮಗೆ ಎಟಕುವ ಬೆಲೆಗೆ ಸಿಗುವ ಯಾವ ಮೋಟರೂ ಅದನ್ನು ಗೆಲ್ಲುವಂತಿರಲಿಲ್ಲ. ಅಂಗಡಿಯ ಮೆಟ್ಟಿಲಲ್ಲಿ ಕೂತು ಎರಡು ತಿಂಗಳ ಓಡಾಟ ನೆನೆದೆ. ಲೋಕಲಿನಲ್ಲಿ ಕಾಂದಿವಲಿಗೆ ಬರುವಷ್ಟರಲ್ಲಿ ನಿರ್ಧಾರ ಮಾಡಿದ್ದೆ. ಇಳಿತದ ಎದುರು ಹೋಗುವುದು ಬೇಡ.

ಮೇಡಂಗೆ ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಅವರು ಇನ್ನೂ ದೊಡ್ಡ, ನಿಜವಾದ ವಿದ್ಯುತ್ ಎಂಜಿನ್ನನ್ನು ಬಾಡಿಗೆಗೆ ತರುವ ಯೋಚನೆಯಲ್ಲಿದ್ದರು. ಅದು ಬರುವುದು ಜೂನಿನಲ್ಲಿ. ನಾನು ಬೋರ್ಡಿನ ಮೇಲೆ ಖಾಡಿ ಬರೆದು ತೋರಿಸಿದೆ. ಉಬ್ಬರದಲ್ಲಿ ಪೆಟ್ರೋಲ್ ದೋಣಿ ನಮ್ಮನ್ನು ನಾಲೆಯ ತಿರುವಿನವರೆಗೆ ಎಳೆದುಕೊಂಡು ಹೋಗಿ ಬಿಟ್ಟು ಬರಲಿ. ಬಾಟಲಿಗಳು ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ಅಲ್ಲಿ ಲಂಗರು ಹಾಕಿ, ಎಂಜಿನ್ನಿನ ಕುರುಹೆಲ್ಲ ತೊಳೆದು ಹೋಗುವವರೆಗೆ ಕಾಯೋಣ. ಇಳಿತ ಶುರುವಾದ ಮೇಲೆ ಮೂತಿಯನ್ನು ಮೇಲ್ಗಡೆಗೇ ಹಿಡಿದು, ಮೋಟರನ್ನು ನೀರಿಗಿಂತ ನಿಧಾನವಾಗಿ ಓಡಿಸೋಣ. ದೋಣಿ ಹಿಂದುಹಿಂದಾಗಿ, ಮೆಲ್ಲಗೆ, ನೀರಿನ ಜೊತೆಗೆ ಕೆಳಗಿಳಿಯುತ್ತದೆ. ಮೂತಿಗೆ ಬರುವುದು ಯಾರೂ ಮುಟ್ಟದ ನೀರು.

ಮೇಡಂ ಬೋರ್ಡನ್ನೇ ನೋಡಿದರು. "ಮೋಟರ್ ತಂದದ್ದು ಮುಂದೆ ಹೋಗ್ಲಿಕ್ಕೆ. ಈಗ ಹಿಂದೆ ಹೋಗ್ಲಿಕ್ಕೆ ಅಂತೀರಿ."

"ಹೌದ್ರೀ" ಎಂದೆ. ಬೇರೆ ದಾರಿ ಅವರಿಗೂ ಹೊಳೆಯಲಿಲ್ಲ.

ಎಂಬತ್ತು ಪೌಂಡಿನದನ್ನು ಹಿಂದಿರುಗಿಸಿ ಐವತ್ತೈದರದನ್ನು ತಂದೆ. ಹನ್ನೆರಡು ವೋಲ್ಟು, ಉಪ್ಪುನೀರಿನದು, ಕೋಲು ಉದ್ದದ್ದು, ಕಸ ಸುತ್ತಿಕೊಳ್ಳದಂತೆ ಹಿಂದಕ್ಕೆ ಬಾಗಿದ ಎಲೆಗಳ ಪಂಖ. ಒಂದೇ ಬ್ಯಾಟರಿ, ಹಗುರವಾದ ಲಿಥಿಯಂ. ಅದನ್ನು ದೋಣಿಯ ಹಿಂಬದಿಗೆ ಇಡದೆ ನಡುವೆ ಇಟ್ಟು, ದಪ್ಪ ತಂತಿ ಎಳೆದೆ. ದಿನವನ್ನೂ ಬದಲಿಸಿದೆವು. ಅಮಾವಾಸ್ಯೆ ಹುಣ್ಣಿಮೆ ಎರಡರ ನಡುವಿನ ಅಷ್ಟಮಿಯ ಸುತ್ತ ಖಾಡಿ ಶಾಂತವಾಗಿರುತ್ತದೆ. ಮೇ ತಿಂಗಳ ಕೊನೆಗೆ ಅಂಥ ದಿನ ಒಂದು ಸಿಕ್ಕಿತು. ಆಕಾಶದಲ್ಲಿ ಆಗಲೇ ಮೋಡ.

ಆ ದಿನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಮಾವಶಿ ಹಿಡಿಯ ಮೇಲೆ ಎರಡೇ ಬೆರಳಿಟ್ಟು ಕೂತಿದ್ದಳು. ನಾನು ಮೂತಿಯಲ್ಲಿ ಮೊಣಕಾಲೂರಿ, ಬಾಟಲಿಯನ್ನು ಓರೆಯಾಗಿ ನೀರಿಗೆ ಹಿಡಿದು, ಕತ್ತಿನವರೆಗೆ ತುಂಬಿ, ಕೆಡದಂತೆ ಆಮ್ಲದ ಹನಿ ಹಾಕಿ, ಮುಚ್ಚಿ, ಐಸಿನಲ್ಲಿ ಹೂತೆ. ದೋಣಿ ಒಂದು ಜಾಗ ಬಿಟ್ಟು ಇನ್ನೊಂದಕ್ಕೆ ಬೆನ್ನು ಮುಂದಾಗಿ ಸರಿಯಿತು. ಐದೂ ಮುಗಿದವು. ಖಾಲಿ ಬಾಟಲಿಯನ್ನೂ ತೆರೆದು ಸುರಿದು ಮುಚ್ಚಿದೆ. ದಡ ಮುಟ್ಟಿದಾಗ ಮೊದಲ ಹನಿ ಬಿತ್ತು.

ಖಾಲಿ ಬಾಟಲಿಯಲ್ಲಿ ಏನೂ ಇರಲಿಲ್ಲ. ಮೂರು ಜಾಗಗಳಲ್ಲಿ ಎಣ್ಣೆ ಮಿತಿಗಿಂತ ಬಹಳ ಮೇಲಿತ್ತು, ನಾಲೆಯ ತಿರುವಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಮೇಡಂ ಸಹಿ ಹಾಕಿ ಪೆನ್ನಿನ ಮುಚ್ಚಳವನ್ನು ಟಕ್ ಎಂದು ಒತ್ತಿದರು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿರಲಿಲ್ಲ.

ಸಮಿತಿ ನಮ್ಮ ವರದಿಯನ್ನು ಒಪ್ಪಿಕೊಂಡಿತು. ತಪ್ಪು ಹುಡುಕಲಿಲ್ಲ. ಆದರೆ ಒಂದು ಸಲದ ಮಾದರಿಯಿಂದ ಯಾರನ್ನೂ ಹೊಣೆ ಮಾಡಲಾಗದು, ಮಳೆಗಾಲ ಮುಗಿದ ಮೇಲೆ ಇದೇ ಕ್ರಮದಲ್ಲಿ ಇನ್ನೊಮ್ಮೆ ತೆಗೆಯಿರಿ ಎಂದಿತು. ಅದು ಅನ್ಯಾಯದ ಮಾತು ಎನ್ನುವಂತೆಯೂ ಇರಲಿಲ್ಲ. ಮೇಡಂ ಲ್ಯಾಬಿನಲ್ಲಿ ಸಮಿತಿಯ ಪತ್ರವನ್ನು ಎರಡು ಸಲ ಓದಿ ಟೇಬಲಿನ ಮೇಲಿಟ್ಟು ಚಹಾ ತರಿಸಿದರು.

ಕೋಳಿವಾಡಕ್ಕೆ ಹೋಗಿ ಹೇಳಬೇಕಾದವನು ನಾನು. ಮಾವಶಿ ಮನೆಯ ಮುಂದೆ ಮಗುಚಿ ಹಾಕಿದ ದೋಣಿಯ ಮೇಲೆ ಟಾರ್ಪಾಲು ಬಿಗಿಯುತ್ತಿದ್ದಳು. ಎಣ್ಣೆ ಇದೆ ಎಂದು ಸಾಬೀತಾಯಿತು ಎಂದೆ. ಅದು ನನಗೆ ಮೊದಲೇ ಗೊತ್ತಿತ್ತಲ್ಲ ಎಂದಳು. ಇನ್ನೊಮ್ಮೆ ತೆಗೆಯಬೇಕಂತೆ ಎಂದೆ. ಹಗ್ಗದ ಗಂಟು ಹಾಕಿ ಮುಗಿಸಿ, ಅಲ್ಲಿಯವರೆಗೆ ಮೋಟರನ್ನು ಎಲ್ಲಿಡುತ್ತೀರಿ ಎಂದು ಕೇಳಿದಳು. ನಮ್ಮ ಲ್ಯಾಬಿನಲ್ಲಿ ಜಾಗವಿರಲಿಲ್ಲ. ಅವಳ ಮನೆಯಲ್ಲೇ ಬಿಟ್ಟು, ತಿಂಗಳಿಗೊಮ್ಮೆ ಬ್ಯಾಟರಿ ಚಾರ್ಜ್ ಮಾಡುವುದನ್ನು ತೋರಿಸಿ ಬಂದೆ.

ಮಳೆ ನಿಂತು, ನವೆಂಬರಿನ ಅಷ್ಟಮಿ ನೋಡಿಕೊಂಡು ನಾನು ಫೋನು ಮಾಡಿದಾಗ ಮಾವಶಿ ಆ ದಿನ ಖಾಲಿಯಿಲ್ಲ ಎಂದಳು. ನನಗೆ ಅರ್ಥವಾಗಲಿಲ್ಲ. ಹೋಗಿ ನೋಡಿದರೆ ದೋಣಿಗೆ ಹಸಿರು ಬಣ್ಣ ಬಳಿದಿತ್ತು, ಕೂರಲು ಎರಡು ಮೆತ್ತೆ, ಕಿತ್ತಳೆ ಬಣ್ಣದ ಜಾಕೆಟ್ಟುಗಳು. ಮಳೆಗಾಲದ ಕೊನೆಗೆ ಪಕ್ಷಿ ನೋಡುವವರೊಬ್ಬರು ಹಾದಿ ತಪ್ಪಿ ಬಂದು ಈ ಸದ್ದಿಲ್ಲದ ದೋಣಿಯಲ್ಲಿ ಒಂದು ಸುತ್ತು ಹೋದರಂತೆ. ಹಕ್ಕಿಗಳು ಹಾರದೆ ಕೂತೇ ಇದ್ದವಂತೆ. ಅವರು ಇನ್ನಿಬ್ಬರಿಗೆ ಹೇಳಿದರು, ಆ ಇಬ್ಬರು ಹತ್ತು ಮಂದಿಗೆ. ಈಗ ಬೆಳಗ್ಗೆ, ಸಂಜೆ ಗಿರಾಕಿ. ಬಲೆ ಬಿಡುವುದನ್ನು ನಿಲ್ಲಿಸಿದ್ದಳು. ಬುಟ್ಟಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಮೋಟರು ನಿಮ್ಮದು, ಬಾಡಿಗೆ ಹೇಳಿ, ಕೊಡುತ್ತೇನೆ ಎಂದಳು. ನಾನು ಮೇಡಂ ಹತ್ತಿರ ಮಾತಾಡುತ್ತೇನೆ ಎಂದೆ.

ಆದರೆ ನಮಗೂ ಆ ದಿನದ ಇಳಿತವೇ ಬೇಕಿತ್ತು. ಅವಳಿಗದು ಗೊತ್ತಿತ್ತು. ಗಿರಾಕಿಗಳ ಜೊತೆಯಲ್ಲೇ ನಿಮ್ಮನ್ನೂ ಕರೆದೊಯ್ಯುತ್ತೇನೆ, ಅವರಿಗೆ ಹೇಗೂ ಮೇಲಿನ ತಿರುವಿನಿಂದ ಕೆಳಗೆ ಬರಬೇಕು ಎಂದಳು. ಗಿರಾಕಿಗಳು ಗಂಡ ಹೆಂಡತಿ, ಕೊರಳಲ್ಲಿ ದುರ್ಬೀನು, ಒಳ್ಳೆಯ ಸ್ವಭಾವದವರು. ಅವರನ್ನು ನಡುವೆ ಕೂರಿಸಿ, ಮೈಗೆ ಬಿಸಿಲಿನ ಕ್ರೀಮು ಹಚ್ಚಿಕೊಳ್ಳಬೇಡಿ ಎಂದು ಕೇಳಿಕೊಂಡು ನಾನು ಮೂತಿಗೆ ಹೋದೆ.

ನಾಲೆಯ ತಿರುವಿನಲ್ಲಿ ಲಂಗರು ಎತ್ತುವ ಮೊದಲು ಮಾವಶಿ ನನ್ನ ಪಕ್ಕಕ್ಕೆ ಬಂದು ಹಗ್ಗ ಸರಿಮಾಡುವ ನೆಪದಲ್ಲಿ ಬಗ್ಗಿದಳು. ಮೆಲ್ಲಗೆ, "ಪಾರ್ಟೀಸಮೋರ್ ತೇಲಾಚ ನಾವ ಕಾಢೂ ನಕಾ" ಎಂದಳು. ಗಿರಾಕಿಗಳ ಮುಂದೆ ಎಣ್ಣೆಯ ಹೆಸರೆತ್ತಬೇಡಿ. ನನ್ನ ಮುಖ ನೋಡದೆ ಹಿಂದಕ್ಕೆ ಹೋಗಿ ಹಿಡಿಯ ಮೇಲೆ ಬೆರಳಿಟ್ಟಳು.

ದೋಣಿ ಬೆನ್ನು ಮುಂದಾಗಿ ಇಳಿಯತೊಡಗಿತು. ದಡದಲ್ಲಿ ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು, ಹಾರಲಿಲ್ಲ. ನಾನು ಬಾಟಲಿ ತುಂಬಿ ಎತ್ತಿದೆ. ಅದರ ಕತ್ತಿನ ಸುತ್ತ ತೆಳ್ಳಗೆ ಬಣ್ಣ ಹೊಳೆಯಿತು. ಹೆಂಗಸು ದುರ್ಬೀನು ಇಳಿಸಿ, ಅದೇನು ಅಂಕಲ್ ಎಂದು ಹಿಂದಿಯಲ್ಲಿ ಕೇಳಿದರು.

ಮಾವಶಿ ನೀರನ್ನು ನೋಡುತ್ತಿದ್ದಳು.

"ಪಾನಿ" ಎಂದು ಮುಚ್ಚಳ ಬಿಗಿದೆ.